ಮನೋರೋಗಕ್ಕೆ ಪಥ್ಯ ಹುಡುಕುವವರು ಮೊದಲು ಮಾಡಬೇಕಾದ ಕೆಲಸಗಳು

ಖಿನ್ನತೆಗೆ ಏನು ತಿಂದರೆ ಒಳ್ಳೆಯದು? ಆತಂಕ ಇದ್ದವರು ಕಾಫಿ ಬಿಡಲೇಬೇಕಾ? ಸಕ್ಕರೆ ನಿಲ್ಲಿಸಿದರೆ ಮಾತ್ರೆಯನ್ನೂ ನಿಲ್ಲಿಸಬಹುದಾ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೊನೆಯದಕ್ಕೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಇಲ್ಲ. ಉಳಿದವಕ್ಕೆ ಒಂದೇ ಸಾಲಿನ ಉತ್ತರ ಸಿಗುವುದಿಲ್ಲ.

ಊಟಕ್ಕೂ ಮನಸ್ಸಿಗೂ ನಂಟಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಜನ ಹುಡುಕುವ ಜಾಗ ಒಂದು, ಗಟ್ಟಿ ತಿಳಿವಳಿಕೆ ಇರುವ ಜಾಗ ಇನ್ನೊಂದು. ‘ಮೆದುಳಿಗೆ ಒಳ್ಳೆಯ ಹತ್ತು ಆಹಾರ’ ಎಂಬ ಪಟ್ಟಿಗಳ ಹಿಂದಿರುವ ಪುರಾವೆ ತೆಳು. ಪೋಷಕಾಂಶದ ಕೊರತೆ, ಮಾತ್ರೆಗೂ ಊಟಕ್ಕೂ ಆಗುವ ಘರ್ಷಣೆ, ಔಷಧಿಯಿಂದ ಏರುವ ತೂಕ – ಯಾರಿಗೂ ರುಚಿಸದ ಈ ವಿಷಯಗಳಲ್ಲಿ ವೈದ್ಯಶಾಸ್ತ್ರಕ್ಕೆ ಖಚಿತವಾಗಿ ಗೊತ್ತಿರುವುದು ಬಹಳ ಇದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ತಟ್ಟೆಯ ಮಾತು ಐದನೇ ಹಂತಕ್ಕೆ ಬರುತ್ತದೆ.

ಇದು ವಯಸ್ಕರಿಗಾಗಿ ಬರೆದದ್ದು. ಜೊತೆಗೆ, ಕೆಲವರು ಇದನ್ನು ತಾವಾಗಿಯೇ ಪಾಲಿಸಬಾರದು. ತಿನ್ನುವುದಕ್ಕೇ ಸಂಬಂಧಿಸಿದ ಕಾಯಿಲೆ (ಅನೊರೆಕ್ಸಿಯಾ, ಅಂದರೆ ತೂಕದ ಭಯದಿಂದ ಊಟ ಬಿಡುವುದು, ಬುಲಿಮಿಯಾ, ಅಂದರೆ ಅತಿಯಾಗಿ ತಿಂದು ಆಮೇಲೆ ಅದನ್ನು ಹೊರಹಾಕಲು ಯತ್ನಿಸುವುದು) ಈಗ ಇರುವವರು ಅಥವಾ ಹಿಂದೆ ಇದ್ದವರಿಗೆ ಊಟ ಬರೆದಿಡುವುದು, ತೂಕ ನೋಡುವುದು, ಯಾವುದನ್ನಾದರೂ ಬಿಡುವುದು ಎಲ್ಲವೂ ಕಾಯಿಲೆಯನ್ನು ಕೆದಕಬಹುದು. ಗರ್ಭಿಣಿಯರು, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಜೊತೆ ಕೂತೇ ಮುಂದುವರಿಯಬೇಕು. ಸಾಯುವ ಯೋಚನೆ ಬರುತ್ತಿದ್ದರೆ, ಅಥವಾ ಊಟದಲ್ಲಿ ವಿಷ ಹಾಕಿದ್ದಾರೆಂದು ನಂಬಿ ಅನ್ನ–ನೀರು ಬಿಟ್ಟಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ, ಈ ಲೇಖನ ಆಮೇಲೆ ಓದಬಹುದು. ಎಷ್ಟೋ ದಿನ ಸರಿಯಾಗಿ ತಿನ್ನದೇ ಇದ್ದವರಿಗೆ ಮನೆಯವರು ಪ್ರೀತಿಯಿಂದ ಒಮ್ಮೆಲೇ ಹೊಟ್ಟೆ ತುಂಬ ಬಡಿಸುವುದೂ ಅಪಾಯ. ರಕ್ತದಲ್ಲಿ ಫಾಸ್ಫೇಟ್ ಥಟ್ಟನೆ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಅಂಥವರಿಗೆ ಊಟ ಮತ್ತೆ ಶುರುಮಾಡುವುದೂ ವೈದ್ಯರ ಕಣ್ಣೆದುರೇ ಆಗಬೇಕು.

ಹಂತ 1: ಮೊದಲು ರಕ್ತಪರೀಕ್ಷೆ

ಕೆಲವು ದೈಹಿಕ ತೊಂದರೆಗಳು ಮನೋರೋಗದ ವೇಷ ಹಾಕಿಕೊಂಡೇ ಬರುತ್ತವೆ. ಇತಿಹಾಸದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಪೆಲಾಗ್ರಾ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ಚರ್ಮ ಸುಟ್ಟಂತಾಗಿ, ಭೇದಿಯಾಗಿ, ಬುದ್ಧಿ ಕಲಕಿದ ಎಷ್ಟೋ ಜನ ಮಾನಸಿಕ ಆಸ್ಪತ್ರೆ ಸೇರಿದ್ದರು. ಇದು ಸೋಂಕು ರೋಗವೆಂದು ಹಲವರು ನಂಬಿದ್ದ ಕಾಲದಲ್ಲಿ, 1914ರಿಂದ ಅದರ ಬೆನ್ನುಹತ್ತಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ತಪ್ಪು ಇರುವುದು ಊಟದಲ್ಲಿ ಎಂದು ತೋರಿಸಿಕೊಟ್ಟರು. ಕೊರತೆಯಾಗಿದ್ದದ್ದು ನಯಾಸಿನ್ (ಬಿ3 ಜೀವಸತ್ವ) ಎಂಬುದು ಗೊತ್ತಾದದ್ದು 1937ರಲ್ಲಿ.

ಪೆಲಾಗ್ರಾ ಈಗ ಅಪರೂಪ. ಅದೇ ಸಾಲಿನ ಬೇರೆ ಕೊರತೆಗಳು ಅಪರೂಪವಲ್ಲ. ಮುಖ್ಯವಾದದ್ದು ಬಿ12. ಇದು ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಕೊರತೆಯಾದರೆ ಮರೆವು, ಮಂಕು, ಸಿಡುಕು, ಕೆಲವರಲ್ಲಿ ಭ್ರಮೆ ಕೂಡ ಕಾಣಿಸಿಕೊಳ್ಳುತ್ತದೆ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಹೀಗಾಗಬಹುದು ಎಂಬುದನ್ನು ಗಮನಿಸಿ. ‘ರಕ್ತ ಚೆನ್ನಾಗಿದೆ’ ಎಂದಷ್ಟಕ್ಕೆ ಬಿ12 ಸರಿಯಿದೆ ಎಂದಾಗುವುದಿಲ್ಲ. ಹಾಲು–ಮೊಸರನ್ನೂ ಬಿಟ್ಟ ಸಸ್ಯಾಹಾರಿಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ವರ್ಷಗಟ್ಟಲೆ ಅಸಿಡಿಟಿ ಮಾತ್ರೆ ನುಂಗುತ್ತಿರುವವರು ಇದನ್ನು ಪರೀಕ್ಷಿಸಿಕೊಳ್ಳಲೇಬೇಕು.

ವೈದ್ಯರನ್ನು ಕಂಡಾಗ ಇವುಗಳ ಬಗ್ಗೆ ಕೇಳಿ: ಬಿ12, ಫೋಲೇಟ್ (ಬಿ9 ಜೀವಸತ್ವ), ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ಹೇಳುವ ಪರೀಕ್ಷೆ), ಥೈರಾಯ್ಡ್, ರಕ್ತದ ಸಕ್ಕರೆ, ಬೇಕೆನಿಸಿದರೆ ಡಿ ಜೀವಸತ್ವ. ಥೈರಾಯ್ಡ್ ಕುಗ್ಗಿದವರ ಸುಸ್ತು, ನಿಧಾನಗತಿ, ಮಂಕುತನವನ್ನು ಖಿನ್ನತೆಯಿಂದ ಬೇರ್ಪಡಿಸಿ ನೋಡುವುದು ಪರೀಕ್ಷೆಯಿಲ್ಲದೆ ಕಷ್ಟ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಪರೀಕ್ಷೆಗೆ ಮೊದಲೇ ಅಂಗಡಿಯಿಂದ ವಿಟಮಿನ್ ತಂದು ನುಂಗುವುದು. ಬಿ12 ತೆಗೆದುಕೊಂಡ ಮೇಲೆ ಪರೀಕ್ಷಿಸಿದರೆ ಮೊದಲು ಕೊರತೆ ಇತ್ತೇ ಎಂದು ಹೇಳಲಾಗದು. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಥೈರಾಯ್ಡ್ ವರದಿಯನ್ನೇ ಏರುಪೇರು ಮಾಡಬಲ್ಲದು. ಎರಡು, ಬರೀ ಫೋಲಿಕ್ ಆಸಿಡ್ (ಫೋಲೇಟ್‌ನ ಮಾತ್ರೆ ರೂಪ) ನುಂಗುವುದು. ಅದರಿಂದ ರಕ್ತಹೀನತೆ ಸರಿಯಾದಂತೆ ಕಾಣುತ್ತದೆ, ಒಳಗೆ ಬಿ12 ಕೊರತೆ ನರಗಳನ್ನು ಹಾಳುಮಾಡುತ್ತಲೇ ಇರುತ್ತದೆ.

ಮದ್ಯ ಹೆಚ್ಚು ಕುಡಿಯುವವರ ಮಾತು ಬೇರೆ. ಅವರಲ್ಲಿ ಥಯಮಿನ್ (ಬಿ1) ಬತ್ತಿಹೋಗಿರಬಹುದು. ಗೊಂದಲ, ತೂರಾಟ, ಕಣ್ಣುಗುಡ್ಡೆಗಳ ವಿಚಿತ್ರ ಚಲನೆ ಕಂಡರೆ ‘ಕುಡಿದಿದ್ದಾನೆ, ಇಳಿಯುತ್ತದೆ’ ಎಂದು ಮಲಗಿಸಬೇಡಿ. ಇದು ತುರ್ತು ಸ್ಥಿತಿ. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ಹಂತ 2: ನಿಮ್ಮ ಮಾತ್ರೆಗೆ ಯಾವ ಊಟ ಆಗದು ಎಂದು ತಿಳಿದುಕೊಳ್ಳಿ

ಮಾತ್ರೆಚೀಟಿಯನ್ನು ಮುಂದಿಟ್ಟುಕೊಂಡು ಈ ಭಾಗ ಓದಿ. ವ್ಯಾಪಾರಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧಿಯ ಹೆಸರನ್ನು ನೋಡಿ. ಇಲ್ಲಿ ಹೇಳುವುದು ಆ ಹೆಸರುಗಳನ್ನೇ.

ಲಿಥಿಯಂ: ಬೈಪೋಲಾರ್ ಕಾಯಿಲೆಗೆ (ಉನ್ಮಾದ ಮತ್ತು ಖಿನ್ನತೆ ಎರಡೂ ಸರದಿಯಲ್ಲಿ ಬರುವ ಕಾಯಿಲೆ) ಕೊಡುವ ಔಷಧಿ. ಉಪ್ಪನ್ನು ಇದ್ದಕ್ಕಿದ್ದಂತೆ ಕಡಿಮೆ ಮಾಡಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ವಿಷವಾಗುವಷ್ಟು ಏರಬಹುದು. ವಾಂತಿ–ಭೇದಿ, ನೀರು ಕುಡಿಯದ ಉಪವಾಸ, ವಿಪರೀತ ಬೆವರು ಕೂಡ ಇದೇ ಕೆಲಸ ಮಾಡುತ್ತವೆ. ರಕ್ತದೊತ್ತಡಕ್ಕೆಂದು ಒಬ್ಬ ವೈದ್ಯರು ‘ಉಪ್ಪು ಬಿಡಿ’ ಅಂದಾಗ, ಲಿಥಿಯಂ ಕೊಟ್ಟ ಇನ್ನೊಬ್ಬ ವೈದ್ಯರಿಗೆ ಆ ಸುದ್ದಿ ಮುಟ್ಟಿಸುವುದು ನಿಮ್ಮದೇ ಕೆಲಸ, ಬೇರೆ ಯಾರೂ ಮಾಡುವುದಿಲ್ಲ. ಕೈ ನಡುಕ ಜೋರಾಗುವುದು, ತೊದಲು, ತೂರಾಟ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಎಂಎಒಐ ಗುಂಪಿನ ಹಳೆಯ ಖಿನ್ನತೆ ಮಾತ್ರೆಗಳು (ಫೀನೆಲ್ಜಿನ್, ಟ್ರಾನಿಲ್‌ಸಿಪ್ರೊಮಿನ್): ಈಗ ಕಡಿಮೆ ಬಳಕೆಯಲ್ಲಿವೆ. ಇವನ್ನು ತೆಗೆದುಕೊಳ್ಳುವವರು ಬಹುಕಾಲ ಹದಗೊಳಿಸಿದ ಚೀಸ್, ಒಣಗಿಸಿ ಹುದುಗಿಸಿದ ಮಾಂಸ, ಹುದುಗಿಸಿದ ಸೋಯಾ ಪದಾರ್ಥ, ಪೀಪಾಯಿಯಿಂದ ನೇರ ಬಗ್ಗಿಸುವ ಬಿಯರ್ ಮುಟ್ಟಬಾರದು. ಇವುಗಳಲ್ಲಿರುವ ಟೈರಮಿನ್ ಎಂಬ ಅಂಶದಿಂದ ರಕ್ತದೊತ್ತಡ ಜೀವಕ್ಕೇ ಕುತ್ತಾಗುವಷ್ಟು ಜಿಗಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಈ ಪಥ್ಯ ತಪ್ಪಿಸುವಂತಿಲ್ಲ.

ಲುರಾಸಿಡೋನ್ ಮತ್ತು ಜಿಪ್ರಾಸಿಡೋನ್: ಇವನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದೇ ಇಲ್ಲ. ಲುರಾಸಿಡೋನ್ ಜೊತೆ ಕನಿಷ್ಠ 350 ಕ್ಯಾಲೊರಿ, ಜಿಪ್ರಾಸಿಡೋನ್ ಜೊತೆ ಸುಮಾರು 500 ಕ್ಯಾಲೊರಿ ಊಟ ಇರಬೇಕು. ಎರಡು ಬಿಸ್ಕತ್ತು ಸಾಲದು, ಪೂರ್ತಿ ಊಟವೇ ಬೇಕು. ‘ಮಾತ್ರೆ ಕೆಲಸ ಮಾಡುತ್ತಿಲ್ಲ’ ಎನ್ನುವವರು ಡೋಸ್ ಏರಿಸುವ ಮೊದಲು ಇದನ್ನು ನೋಡಿಕೊಳ್ಳಲಿ.

ಕ್ಲೋಜಪಿನ್: ಕಾಫಿಯಲ್ಲಿರುವ ಕೆಫೀನ್ ಈ ಔಷಧಿಯ ಮಟ್ಟವನ್ನು ಏರಿಸುತ್ತದೆ. ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತೀರೋ ಅಷ್ಟರಲ್ಲೇ ಇರಿ; ಹೆಚ್ಚಿಸುವುದೂ ಬಿಡುವುದೂ ವೈದ್ಯರಿಗೆ ಹೇಳಿಯೇ ಆಗಲಿ. (ಊಟದ ವಿಷಯ ಅಲ್ಲದಿದ್ದರೂ ಹೇಳಬೇಕು: ಸಿಗರೇಟು ಬಿಟ್ಟರೆ ಕ್ಲೋಜಪಿನ್ ಮಟ್ಟ ಗಣನೀಯವಾಗಿ ಏರುತ್ತದೆ. ಬಿಡುವುದು ಒಳ್ಳೆಯದೇ, ಆದರೆ ಮೊದಲೇ ತಿಳಿಸಿ.)

ಗ್ರೇಪ್‌ಫ್ರೂಟ್: ಚಕ್ಕೋತದಂತೆ ಕಾಣುವ, ತುಸು ಕಹಿಯಾದ ಈ ಹಣ್ಣಿನ ರಸ ಕ್ವಿಟಯಪಿನ್, ಲುರಾಸಿಡೋನ್, ಬಸ್ಪಿರೋನ್, ಕಾರ್ಬಮಜೆಪಿನ್ ಮೊದಲಾದವುಗಳ ಮಟ್ಟವನ್ನು ಹೆಚ್ಚಿಸುತ್ತದೆ.

ಹಂತ 3: ಎರಡು ವಾರ ಬರೆದಿಡಿ, ಏನನ್ನೂ ಬದಲಿಸಬೇಡಿ

ಹೆಚ್ಚಿನವರು ಹಾರಿಹೋಗುವ ಹಂತ ಇದೇ. ಒಂದು ಸಾದಾ ನೋಟ್‌ಬುಕ್ ಸಾಕು. ಎದ್ದ ಹೊತ್ತು, ತಿಂದದ್ದು ಮತ್ತು ಅದರ ಹೊತ್ತು, ಕಾಫಿ–ಟೀ, ಮದ್ಯ, ನಿದ್ದೆ, ಮನಸ್ಸಿನ ಸ್ಥಿತಿಗೆ 10ಕ್ಕೆ ಎಷ್ಟು ಅಂಕ, ಇಷ್ಟನ್ನು ಬರೆಯಿರಿ. ಒಂದು ದಿನದ ಪುಟ ಹೀಗಿರಬಹುದು:

‘ಮಂಗಳವಾರ. 11ಕ್ಕೆ ಎದ್ದೆ. ಕಾಫಿ. 3 ಗಂಟೆಗೆ ಬಿಸ್ಕತ್ತು ಅರ್ಧ ಪ್ಯಾಕು, ಮತ್ತೆ ಕಾಫಿ. 6ಕ್ಕೆ ಕಾಫಿ. ರಾತ್ರಿ 10:30ಕ್ಕೆ ಊಟ, ಹೊಟ್ಟೆ ಬಿರಿಯುವಷ್ಟು. ನಿದ್ದೆ ಬಂದದ್ದು 3ಕ್ಕೆ. ಮನಸ್ಸು 10ಕ್ಕೆ 3.’

ಈ ಪುಟ ನೋಡಿದ ಅನುಭವಿ ಆಹಾರತಜ್ಞರು ಬಿಸ್ಕತ್ತಿನ ಮೇಲೆ ಹರಿಹಾಯುವುದಿಲ್ಲ. ಸಂಜೆಯ ಕಾಫಿ, ಹಗಲಿಡೀ ಊಟವೇ ಇಲ್ಲದಿರುವುದು, ತಡರಾತ್ರಿಯ ನಿದ್ದೆ – ಸಿಕ್ಕು ಅಲ್ಲಿದೆ.

ಬರೆಯುವುದರಿಂದ ಇನ್ನೊಂದು ಮುಖ್ಯ ಸಂಗತಿ ಬಯಲಾಗುತ್ತದೆ: ಯಾವುದು ಮೊದಲು, ಯಾವುದು ಆಮೇಲೆ. ಹಸಿವು ಸತ್ತುಹೋಗುವುದು ಅಥವಾ ವಿಪರೀತ ತಿನ್ನುವುದು ಖಿನ್ನತೆಯದೇ ಲಕ್ಷಣ. ಅಡುಗೆ ಮಾಡಲು ಏಳಲಾಗದವರು ಪ್ಯಾಕೆಟ್ ಒಡೆದು ತಿನ್ನುತ್ತಾರೆ. ಆಮೇಲೆ ನೋಡಿದವರು ‘ಪ್ಯಾಕೆಟ್ ತಿಂದು ಖಿನ್ನತೆ ಬಂತು’ ಅನ್ನುತ್ತಾರೆ. ಕೆಟ್ಟ ಊಟ ಮಾಡುವವರಲ್ಲಿ ಖಿನ್ನತೆ ಹೆಚ್ಚು ಎಂಬ ಸಮೀಕ್ಷೆಗಳನ್ನು ಓದುವಾಗಲೂ ಈ ತೊಡಕನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹಾಗೆಂದು ಕಾರಣ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. 1944–45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆರೋಗ್ಯವಾಗಿದ್ದ 36 ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಗಮನಿಸಿದಾಗ ಅವರಲ್ಲಿ ಮಂಕು, ಸಿಡುಕು, ಒಂಟಿಯಾಗಿರುವ ಬಯಕೆ, ಹಗಲೂ ರಾತ್ರಿ ಊಟದ್ದೇ ಧ್ಯಾನ ಕಾಣಿಸಿಕೊಂಡಿತು. ಮನೋರೋಗವಿರುವವರು ತೂಕ ಇಳಿಸಲು ಕಟ್ಟುನಿಟ್ಟಿನ ಉಪವಾಸಕ್ಕೆ ಇಳಿದಾಗ ನನಗೆ ನೆನಪಾಗುವುದು ಇದೇ ಪ್ರಯೋಗ.

ಹಂತ 4: ಕಾಫಿ, ಎನರ್ಜಿ ಡ್ರಿಂಕ್, ಮದ್ಯ

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆಯಿಲ್ಲ ಎಂದು ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆ ಹೇಳುತ್ತದೆ. ಪ್ಯಾನಿಕ್ ಕಾಯಿಲೆ (ಎದೆ ಹೊಡೆದುಕೊಂಡು, ಸತ್ತೇಹೋಗುತ್ತೇನೆ ಎನಿಸುವ ಆತಂಕದ ಅಲೆ) ಇರುವವರಿಗೆ ಆ ಲೆಕ್ಕ ಹೊಂದುವುದಿಲ್ಲ, ಕಡಿಮೆ ಪ್ರಮಾಣವೂ ಅಲೆಯನ್ನು ಎಬ್ಬಿಸಬಹುದು. ಕುಡಿದ ಕೆಫೀನಿನ ಅರ್ಧ ಪಾಲು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ. ಹಾಗಾಗಿ ಮಧ್ಯಾಹ್ನದ ನಂತರದ ಲೋಟಗಳನ್ನು ಮೊದಲು ಬಿಡಿ. ಬೈಪೋಲಾರ್ ಇರುವವರು ಎನರ್ಜಿ ಡ್ರಿಂಕ್‌ಗಳಿಂದ ದೂರವಿರುವುದು ವಾಸಿ. ನಿದ್ದೆಗೆಟ್ಟರೆ ಉನ್ಮಾದ ಕೆರಳುವುದು ಅವರಿಗೆ ಹೊಸತಲ್ಲ.

ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸಬೇಡಿ. ತಲೆನೋವು, ಸುಸ್ತು, ಕಿರಿಕಿರಿ ಕೆಲವು ದಿನ ಕಾಡುತ್ತದೆ, ಅದನ್ನೇ ಕಾಯಿಲೆ ಮರುಕಳಿಸಿತು ಎಂದುಕೊಳ್ಳುವವರಿದ್ದಾರೆ. ನಾಲ್ಕೈದು ದಿನಕ್ಕೊಂದು ಲೋಟ ಇಳಿಸಿ. ಲಿಥಿಯಂ ತೆಗೆದುಕೊಳ್ಳುವವರು ಕಾಫಿ ಬಿಟ್ಟಾಗಲೂ ಅದರ ಮಟ್ಟ ಏರುತ್ತದೆ, ವೈದ್ಯರಿಗೆ ಹೇಳಿ.

ಮದ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕುಡಿದ ರಾತ್ರಿ ಹಗುರಾದ ಆತಂಕ ಮರುದಿನ ಬಡ್ಡಿ ಸಮೇತ ಬರುತ್ತದೆ, ನಿದ್ದೆಮಾತ್ರೆಯ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ದಿನವೂ ಹೆಚ್ಚು ಕುಡಿಯುವವರು ಮಾತ್ರ ಮನೆಯಲ್ಲಿ ತಟ್ಟನೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು.

ಹಂತ 5: ಮೊದಲು ಹೊತ್ತು, ಆಮೇಲೆ ತಟ್ಟೆ

ಹೊತ್ತುಹೊತ್ತಿಗೆ ತಿನ್ನುವುದೊಂದನ್ನೇ ಮೊದಲ ಎರಡು ವಾರ ಗುರಿಯಾಗಿಟ್ಟುಕೊಳ್ಳಿ. ಎದ್ದ ಒಂದೆರಡು ಗಂಟೆಯೊಳಗೆ ಏನಾದರೂ, ಮಧ್ಯಾಹ್ನ ಏನಾದರೂ, ರಾತ್ರಿ ಮಲಗುವ ಎರಡು ಮೂರು ಗಂಟೆ ಮೊದಲು ಊಟ. ಏನು ಎಂಬುದು ಈಗ ಮುಖ್ಯವಲ್ಲ.

ಆಮೇಲೆ ತಟ್ಟೆ. ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವ ಅಧ್ಯಯನ ಆಸ್ಟ್ರೇಲಿಯಾದ ಫೆಲೀಸ್ ಜಾಕಾ ಮತ್ತು ಸಂಗಡಿಗರದು, 2017ರಲ್ಲಿ ಪ್ರಕಟವಾದದ್ದು. ಸ್ಮೈಲ್ಸ್ ಎಂದು ಅದರ ಹೆಸರು. ಮಧ್ಯಮದಿಂದ ತೀವ್ರ ಖಿನ್ನತೆ ಇದ್ದ 67 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ 12 ವಾರಗಳಲ್ಲಿ ಏಳು ಬಾರಿ ಆಹಾರತಜ್ಞರ ಮಾರ್ಗದರ್ಶನ, ಇನ್ನೊಂದಕ್ಕೆ ಅಷ್ಟೇ ಹೊತ್ತು ಸ್ನೇಹದ ಮಾತುಕತೆ ಕೊಟ್ಟರು. ಕೊನೆಯಲ್ಲಿ ಖಿನ್ನತೆಯ ಲಕ್ಷಣಗಳು ಬಹುಪಾಲು ಹೋಗಿದ್ದವರು ಊಟ ಬದಲಿಸಿದ ಗುಂಪಿನಲ್ಲಿ ಶೇ 32, ಮಾತುಕತೆಯ ಗುಂಪಿನಲ್ಲಿ ಶೇ 8.

ಹುರುಪು ಹುಟ್ಟಿಸುವ ಫಲಿತಾಂಶ, ನಿಜ. ಆದರೆ ಗುಂಪು ಚಿಕ್ಕದು. ತಾವು ಯಾವ ಗುಂಪಿನಲ್ಲಿದ್ದೇವೆಂದು ಅವರಿಗೆ ಗೊತ್ತಿತ್ತು, ಆದ್ದರಿಂದ ಗುಣವಾಗುತ್ತೇವೆಂಬ ನಿರೀಕ್ಷೆಯೂ ಕೆಲಸ ಮಾಡಿರಬಹುದು. ಹೆಚ್ಚಿನವರು ಮೊದಲಿನಿಂದ ಪಡೆಯುತ್ತಿದ್ದ ಮಾತ್ರೆಯನ್ನೋ ಮಾತಿನ ಚಿಕಿತ್ಸೆಯನ್ನೋ ಮುಂದುವರಿಸಿದ್ದರು. ಎಲ್ಲಕ್ಕಿಂತ ಮುಖ್ಯ, ಊಟ ಕಳಪೆಯಾಗಿದ್ದವರನ್ನೇ ಆರಿಸಿಕೊಂಡಿದ್ದರು. ಈಗಾಗಲೇ ಚೆನ್ನಾಗಿ ತಿನ್ನುತ್ತಿರುವವರಿಗೆ ಅಷ್ಟೇ ಲಾಭ ಎಂದು ಇದರಿಂದ ಹೇಳಲಾಗದು.

ಅವರು ಉಪವಾಸ ಹಾಕಿಸಲಿಲ್ಲ, ಕ್ಯಾಲೊರಿ ಎಣಿಸಲಿಲ್ಲ. ತರಕಾರಿ, ಹಣ್ಣು, ತವಡು ತೆಗೆಯದ ಧಾನ್ಯ, ಬೇಳೆಕಾಳು, ಬೀಜಗಳು, ಮೀನು, ಆಲಿವ್ ಎಣ್ಣೆ ಹೆಚ್ಚಿಸಿ, ಸಿಹಿತಿನಿಸು, ಕರಿದದ್ದು, ಸಂಸ್ಕರಿತ ಮಾಂಸ, ಸಕ್ಕರೆ ಪಾನೀಯಗಳನ್ನು ವಾರಕ್ಕೆ ಮೂರಕ್ಕೆ ಇಳಿಸಿದರು. ನೀವು ಮಾಡಬೇಕಾದದ್ದು ಇದರ ಸರಳ ರೂಪ:

– ಮೊದಲು ಸೇರಿಸಿ, ಆಮೇಲೆ ತೆಗೆಯಿರಿ. ‘ಇನ್ನು ಸಿಹಿ ಮುಟ್ಟುವುದಿಲ್ಲ’ ಎಂಬ ಶಪಥ ವಾರದಲ್ಲಿ ಮುರಿಯುತ್ತದೆ, ಆ ಮುರಿತವೇ ‘ನಾನು ಯಾವುದಕ್ಕೂ ಪ್ರಯೋಜನವಿಲ್ಲ’ ಎಂಬ ಖಿನ್ನತೆಯ ಹಳೆಯ ಪಲ್ಲವಿಗೆ ಸಾಕ್ಷಿಯಾಗಿಬಿಡುತ್ತದೆ.
– ವಾರಕ್ಕೆ ಒಂದೇ ಬದಲಾವಣೆ. ಈ ವಾರ ದಿನಕ್ಕೊಂದು ಹಣ್ಣು, ಮುಂದಿನ ವಾರ ಒಂದು ಹೊತ್ತಿನ ಊಟಕ್ಕೆ ಕಾಳು.
– ಏಳಲಾಗದ ದಿನಗಳಿಗೊಂದು ಕನಿಷ್ಠ ಊಟ ಗೊತ್ತುಮಾಡಿಕೊಂಡಿರಿ: ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಮೊಸರು, ಹುರಿದ ಬೀಜ. ಒಲೆ ಹಚ್ಚದೆ ಅಥವಾ ಹತ್ತೇ ನಿಮಿಷದಲ್ಲಿ ಆಗುವಂಥದ್ದು.
– ಮನೆಯವರು ಬಡಿಸಿಡಿ, ಜೊತೆಗೆ ಕೂತು ಉಣ್ಣಿ, ಎಷ್ಟು ತಿಂದರೆಂದು ಲೆಕ್ಕ ಹಾಕಬೇಡಿ.

ಹಂತ 6: ಮಾತ್ರೆಯಿಂದ ಏರುವ ತೂಕ

ಓಲಾಂಜಪಿನ್, ಕ್ಲೋಜಪಿನ್, ಸ್ವಲ್ಪ ಮಟ್ಟಿಗೆ ಕ್ವಿಟಯಪಿನ್, ಮಿರ್ಟಜಪಿನ್ – ಇವು ಹಸಿವನ್ನೇ ಬದಲಿಸುತ್ತವೆ. ಉಂಡು ಎದ್ದವರಿಗೆ ಅರ್ಧ ಗಂಟೆಯಲ್ಲಿ ಮತ್ತೆ ಹಸಿವು. ‘ಬಾಯಿ ಕಟ್ಟು’ ಎಂದು ಬುದ್ಧಿ ಹೇಳುವವರು ಇದು ಔಷಧಿಯ ಕೆಲಸ, ಆಸೆಬುರುಕತನವಲ್ಲ ಎಂದು ತಿಳಿಯಬೇಕು. ತೀವ್ರ ಮನೋರೋಗ ಇರುವವರ ಆಯಸ್ಸು ಉಳಿದವರಿಗಿಂತ 10ರಿಂದ 20 ವರ್ಷ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಾವುಗಳಲ್ಲಿ ಹೃದಯದ ಕಾಯಿಲೆ, ಮಧುಮೇಹದಂಥ ದೈಹಿಕ ರೋಗಗಳ ಪಾಲು ದೊಡ್ಡದು. ನನ್ನ ಅಭಿಪ್ರಾಯದಲ್ಲಿ ಮನೋರೋಗಿಯ ಊಟದ ಬಗ್ಗೆ ಕಾಳಜಿ ಮಾಡಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತೂಕ ಬೇಗ ಏರುವುದು ಮೊದಲ ಕೆಲವು ವಾರಗಳಲ್ಲೇ. ಹಾಗಾಗಿ ಮಾತ್ರೆ ಶುರುಮಾಡುವ ದಿನವೇ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶ ಅಳೆಸಿಕೊಳ್ಳಿ. ಮೊದಲ ತಿಂಗಳುಗಳಲ್ಲಿ ತೂಕವನ್ನು ವಾರಕ್ಕೊಮ್ಮೆ ನೋಡಿ. ಸಿಹಿ ಪಾನೀಯಗಳ ಬದಲು ನೀರು ಕುಡಿಯುವುದೇ ಇಲ್ಲಿ ಮೊದಲ ಹೆಜ್ಜೆ, ಯಾಕೆಂದರೆ ಔಷಧಿಯಿಂದ ಬಾಯಿ ಒಣಗಿದವರು ಲೀಟರುಗಟ್ಟಲೆ ಕುಡಿಯುವುದು ಆ ಸಿಹಿ ಪಾನೀಯಗಳನ್ನೇ. ಏರಿಕೆ ನಿಲ್ಲದಿದ್ದರೆ ಬೇರೆ ಔಷಧಿಗೆ ಬದಲಾಗುವುದು ಅಥವಾ ಜೊತೆಗೆ ಮೆಟ್‌ಫಾರ್ಮಿನ್ ಕೊಡುವುದು ವೈದ್ಯರ ಕೈಯಲ್ಲಿದೆ. ತೂಕದ ಸಿಟ್ಟಿಗೆ ಮಾತ್ರೆಯನ್ನೇ ಕಸದ ಬುಟ್ಟಿಗೆ ಹಾಕಿದರೆ ಕಾಯಿಲೆ ಮರುಕಳಿಸುತ್ತದೆ.

ಹಂತ 7: ಪೂರಕ ಮಾತ್ರೆ ಮತ್ತು ವಿಶೇಷ ಪಥ್ಯಗಳಿಗೆ ದುಡ್ಡು ಹಾಕುವ ಮೊದಲು

ಕೊರತೆ ಇದ್ದರೆ ಪೂರಕ ಬೇಕು. ಕೊರತೆ ಇಲ್ಲದೆ ನುಂಗುವುದರ ಬಗ್ಗೆ ದೊಡ್ಡ ಅಧ್ಯಯನಗಳು ನಿರಾಶೆಯನ್ನೇ ತಂದಿವೆ. ಯುರೋಪಿನ ನಾಲ್ಕು ದೇಶಗಳಲ್ಲಿ ತೂಕ ಹೆಚ್ಚಿದ್ದ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಮೂಡ್‌ಫುಡ್ ಅಧ್ಯಯನದಲ್ಲಿ ಒಂದು ವರ್ಷ ಕೊಟ್ಟ ಪೂರಕಗಳು ಖಿನ್ನತೆಯನ್ನು ತಡೆಯಲಿಲ್ಲ. ಅಮೆರಿಕದಲ್ಲಿ 50 ದಾಟಿದ 18 ಸಾವಿರಕ್ಕೂ ಹೆಚ್ಚು ಜನರಿಗೆ ಐದು ವರ್ಷಕ್ಕೂ ಮೀರಿ ಡಿ ಜೀವಸತ್ವ, ಒಮೇಗಾ–3 (ಮೀನೆಣ್ಣೆಯಲ್ಲಿರುವ ಕೊಬ್ಬು) ಕೊಟ್ಟು ನೋಡಿದಾಗಲೂ ಅಷ್ಟೇ. ಈಗಾಗಲೇ ಖಿನ್ನತೆ ಇರುವವರಿಗೆ, ಮಾತ್ರೆಯ ಜೊತೆಯಲ್ಲಿ, ಇಪಿಎ (ಒಮೇಗಾ–3 ಕೊಬ್ಬಿನ ಒಂದು ಬಗೆ) ಅಂಶ ಹೆಚ್ಚಿರುವ ಒಮೇಗಾ–3 ತುಸು ನೆರವಾಗಬಹುದು, ಕೇಳಿ ನೋಡಿ.

ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯನ್ನೂ 5–ಎಚ್‌ಟಿಪಿ ಎಂಬ ಪೂರಕವನ್ನೂ ಖಿನ್ನತೆ ಮಾತ್ರೆಯ ಜೊತೆ ಸೇರಿಸಬೇಡಿ. ಸೆರೊಟೋನಿನ್ (ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ವಿಪರೀತವಾಗಿ ನಡುಕ, ಜ್ವರ, ಗೊಂದಲ ಬರಬಹುದು. ಮೊದಲನೆಯದು ಗರ್ಭನಿರೋಧಕ ಮಾತ್ರೆಯ ಬಲವನ್ನೂ ಕುಂದಿಸುತ್ತದೆ. ಬಿ6 ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಕೈಕಾಲು ಜೋಮು ಹಿಡಿಯುತ್ತದೆ.

‘ಸೆರೊಟೋನಿನ್‌ನ ಶೇ 90 ಕರುಳಿನಲ್ಲಿದೆ, ಆದ್ದರಿಂದ ಹೊಟ್ಟೆ ಸರಿಮಾಡಿದರೆ ಮನಸ್ಸು ಸರಿ’ ಎಂಬ ಜಾಹೀರಾತು ಕಂಡಿರಬಹುದು. ಮೊದಲ ಅರ್ಧ ನಿಜ. ಆದರೆ ಕರುಳಿನ ಸೆರೊಟೋನಿನ್ ರಕ್ತದಿಂದ ಮೆದುಳಿನೊಳಕ್ಕೆ ದಾಟುವುದಿಲ್ಲ. ಮೆದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕರುಳಿನ ಸೂಕ್ಷ್ಮಜೀವಿಗಳಿಗೂ ಮನಸ್ಸಿಗೂ ಇರುವ ಸಂಬಂಧದ ಸಂಶೋಧನೆ ಕುತೂಹಲಕಾರಿ, ಡಬ್ಬಿಯಲ್ಲಿ ಮಾರುವಷ್ಟು ಇನ್ನೂ ಬೆಳೆದಿಲ್ಲ.

ಕೀಟೋ ಪಥ್ಯ (ಪಿಷ್ಟ ತೀರಾ ಕಡಿಮೆ, ಕೊಬ್ಬು ಹೆಚ್ಚು) ಈಗ ಸುದ್ದಿಯಲ್ಲಿದೆ. ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವಂಥ ಲಕ್ಷಣಗಳ ಕಾಯಿಲೆ) ಮತ್ತು ಬೈಪೋಲಾರ್ ಇದ್ದ 21 ಜನರ ಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಧಾರಣೆ ಕಂಡಿತು, ಆದರೆ ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ. ಈ ಪಥ್ಯದ ಶುರುವಿನಲ್ಲಿ ದೇಹದ ನೀರು–ಉಪ್ಪು ಏರುಪೇರಾಗುತ್ತದೆ. ಲಿಥಿಯಂ ತೆಗೆದುಕೊಳ್ಳುವವರಿಗೆ ಅದರ ಅರ್ಥ ಏನೆಂದು ಎರಡನೇ ಹಂತದಲ್ಲಿ ಓದಿದ್ದೀರಿ. ಗೋಧಿಯ ಗ್ಲುಟೆನ್ ಬಿಡುವುದು ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಕರುಳು ಹಾಳಾಗುವ ಕಾಯಿಲೆ) ಇರುವವರಿಗೆ ಅಗತ್ಯ, ಎಲ್ಲರಿಗೂ ಅಲ್ಲ. ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ವರದಿಯಲ್ಲಿ ಕಾಣದೇ ಹೋಗಬಹುದು.

ಹಂತ 8: ಮೂರು ತಿಂಗಳ ನಂತರ

12 ವಾರಕ್ಕೆ ಮೊದಲು ತೀರ್ಪು ಕೊಡಬೇಡಿ. ಆಗ ಮತ್ತೆ ಎರಡು ವಾರ ನೋಟ್‌ಬುಕ್ ಬರೆದು ಹಳೆಯದರ ಪಕ್ಕ ಇಡಿ. ನಿದ್ದೆ, ಶಕ್ತಿ, ಮನಸ್ಸಿನ ಅಂಕ, ತೂಕ ನಾಲ್ಕನ್ನೂ ನೋಡಿ, ಎರಡೂ ನೋಟ್‌ಬುಕ್ ಮನೋವೈದ್ಯರಿಗೆ ತೋರಿಸಿ. ಏನೂ ಬದಲಾಗಿಲ್ಲದಿದ್ದರೆ ಊಟವನ್ನು ಇನ್ನಷ್ಟು ಬಿಗಿ ಮಾಡುವುದಲ್ಲ, ಚಿಕಿತ್ಸೆಯನ್ನು ಮರುಪರಿಶೀಲಿಸಲು ಕೇಳುವುದು ಸರಿಯಾದ ದಾರಿ.

ಚೆನ್ನಾಗಿದ್ದರೆ ಮಾತ್ರೆ ಇಳಿಸುವ ಆಸೆ ಸಹಜ. ಅದನ್ನು ಬಚ್ಚಿಡದೆ ವೈದ್ಯರ ಮುಂದಿಡಿ. ಖಿನ್ನತೆ ಮಾತ್ರೆಯನ್ನು ತಟ್ಟನೆ ಬಿಟ್ಟವರಿಗೆ ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ಅಳು, ನಿದ್ದೆಗೇಡು ಕಾಣಿಸಬಹುದು. ‘ಊಟದಿಂದ ಗುಣವಾಗಿತ್ತು, ಮತ್ತೆ ಕೆಟ್ಟಿತು’ ಎಂದುಕೊಂಡು ಪಥ್ಯವನ್ನು ಬಿಗಿ ಮಾಡಿಕೊಳ್ಳುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇಳಿಸುವುದೇ ಆದರೆ ವಾರಗಳಿಂದ ತಿಂಗಳುಗಳವರೆಗೆ ಹಂತಹಂತವಾಗಿ ಇಳಿಯಬೇಕು. ಆ ಅವಧಿಯಲ್ಲಿ ಊಟದಲ್ಲಿ ಹೊಸ ಬದಲಾವಣೆ ಬೇಡ. ಏನಾದರೂ ಏರುಪೇರಾದರೆ ಅದು ಯಾವುದರಿಂದ ಎಂದು ಆಗ ಮಾತ್ರ ಹೇಳಲು ಸಾಧ್ಯ.